ಬರೀ ಸೊಸೆಯ ಪರೀಕ್ಷೆ ಸಾಲದು

"ಮದುವೆಯಾಗಿ ಮೂರು ವರ್ಷವಾಯಿತು. ನನ್ನ ಪರೀಕ್ಷೆಗಳಲ್ಲಿ ಯಾವ ದೋಷವೂ ಕಂಡಿಲ್ಲ. ನಮ್ಮ ಯಜಮಾನರ ವೀರ್ಯ ಪರೀಕ್ಷೆಯಲ್ಲಿ ಸಂಖ್ಯೆ ಸಾಕಷ್ಟಿದೆ, ಚಲನೆ ಕಡಿಮೆ ಎಂದು ಬಂದಿದೆ. 'ಆಕ್ಸಿಡೇಟಿವ್ ಸ್ಟ್ರೆಸ್' ಇರಬಹುದು ಅಂದರು ಡಾಕ್ಟರು. ಅತ್ತೆಯವರು ಮಾತ್ರ ಈಗಲೂ ನನ್ನನ್ನೇ ಅನ್ನುತ್ತಾರೆ. ಇದು ಏನು ಕಾಯಿಲೆ? ವಾಸಿಯಾಗುತ್ತದೆಯೇ?" ಹೀಗೆ ಕೇಳಿದ್ದಾರೆ ಒಬ್ಬ ಸೋದರಿ.

ಮೊದಲು ಅತ್ತೆಯವರ ಮಾತಿಗೆ ಉತ್ತರ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಇರುತ್ತದೆ. ಕೆಲವೊಮ್ಮೆ ಅದೊಂದೇ, ಕೆಲವೊಮ್ಮೆ ಹೆಂಗಸಿನ ತೊಂದರೆಯ ಜೊತೆಗೆ. ಆದ್ದರಿಂದ ಪರೀಕ್ಷೆ ಇಬ್ಬರಿಗೂ ಒಟ್ಟಿಗೇ ಆಗಬೇಕು.

ಇನ್ನು ಈ ಆಕ್ಸಿಡೇಟಿವ್ ಸ್ಟ್ರೆಸ್. ಕಡಲೆಕಾಯಿ ಎಣ್ಣೆಯನ್ನು ಬಹಳ ದಿನ ಮುಚ್ಚದೆ ಇಟ್ಟರೆ ಕಮಟು ವಾಸನೆ ಬರುತ್ತದಲ್ಲವೇ? ಗಾಳಿಯ ಆಮ್ಲಜನಕ ಜಿಡ್ಡನ್ನು ಕೆಡಿಸುವುದರಿಂದ ಹಾಗಾಗುತ್ತದೆ. ನಮ್ಮ ಮೈಯೊಳಗೂ ಆಮ್ಲಜನಕದಿಂದ ಕೆಲವು ಚುರುಕು ಕಣಗಳು ಹುಟ್ಟುತ್ತಲೇ ಇರುತ್ತವೆ. ಸಾರಿಗೆ ಉಪ್ಪಿನಂತೆ ಇವು ಸ್ವಲ್ಪ ಬೇಕು. ವೀರ್ಯಾಣು ಅಂಡಾಣುವಿನೊಳಗೆ ಸೇರಲು ಸಿದ್ಧವಾಗುವುದಕ್ಕೂ ಇವುಗಳ ನೆರವುಂಟು. ಆದರೆ ತಡೆಯುವ ಶಕ್ತಿಗಿಂತ ಇವು ಹೆಚ್ಚಾದಾಗ ಕೇಡು ಶುರು. ಆಮ್ಲಜನಕ ಹೆಚ್ಚಾದರೆ ವೀರ್ಯಾಣುವಿನ ಚಲನೆ ಕುಗ್ಗುತ್ತದೆಂದು ಮ್ಯಾಕ್ಲಿಯಡ್ ಎಂಬ ವಿಜ್ಞಾನಿ 1943ರಲ್ಲೇ ತೋರಿಸಿದ್ದರು.

ವೀರ್ಯಾಣುವಿಗೇ ಏಕೆ ಇಷ್ಟು ಕಷ್ಟ? ಅದರ ಹೊರಪೊರೆಯಲ್ಲಿ ಬೇಗ ಕೆಡುವಂಥ ಜಿಡ್ಡು ಜಾಸ್ತಿ. ಒಳಗೆ ರಿಪೇರಿ ಸಾಮಗ್ರಿ ತೀರ ಕಡಿಮೆ. ಪೊರೆ ಕೆಟ್ಟರೆ ಬಾಲದ ಬಡಿತ ಸೋಲುತ್ತದೆ, ಅಂಡಾಣುವಿನ ಜೊತೆ ಬೆರೆಯುವುದೂ ಕಷ್ಟ. ತಲೆಯೊಳಗಿನ ಡಿ.ಎನ್.ಎ. ಎಳೆಗಳು ತುಂಡಾಗುವುದೂ ಉಂಟು. ಆಗ ಸಂಖ್ಯೆ ಚೆನ್ನಾಗಿದ್ದರೂ ಗರ್ಭ ಕಟ್ಟದಿರಬಹುದು, ಕಟ್ಟಿದರೂ ಇಳಿದುಹೋಗಬಹುದು.

ಕಾರಣಗಳು ಹಲವು: ಬೀಡಿ-ಸಿಗರೇಟು, ಅತಿಯಾದ ಕುಡಿತ, ಬೊಜ್ಜು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಜನನಾಂಗದ ಸೋಂಕು, ವೃಷಣದ ರಕ್ತನಾಳಗಳು ಉಬ್ಬುವ ವೇರಿಕೋಸೀಲ್. ವೃಷಣ ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು. ಕುಲುಮೆ, ಭಟ್ಟಿಯ ಮುಂದೆ ದಿನವಿಡೀ ದುಡಿಯುವವರಿಗೆ ಅದು ಕಷ್ಟ.

ಈಗ ಮಾಡಬೇಕಾದ್ದು:

1. ಒಂದೇ ಪರೀಕ್ಷೆಯಿಂದ ತೀರ್ಮಾನ ಬೇಡ. 2ರಿಂದ 7 ದಿನ ಸಂಯಮವಿದ್ದು ಇನ್ನೊಮ್ಮೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಚಲನೆಯ ಕೆಳಮಿತಿ ಶೇ. 42. ಅದಕ್ಕಿಂತ ಕಡಿಮೆ ಇದ್ದವರಿಗೆ ಮಕ್ಕಳೇ ಆಗುವುದಿಲ್ಲ ಎಂದಲ್ಲ.

2. ತಂಬಾಕು ಪೂರ್ತಿ ಬಿಡಲಿ. ಸೊಪ್ಪು, ತರಕಾರಿ, ನೆಲ್ಲಿಕಾಯಿ, ಸೀಬೆಹಣ್ಣು, ಬೇಳೆಕಾಳು ದಿನದ ಊಟದಲ್ಲಿರಲಿ. ಇವು ಔಷಧಿಯಲ್ಲ, ಒಳ್ಳೆಯ ಊಟ.

3. ಸೋಂಕು, ವೇರಿಕೋಸೀಲ್ ಇದೆಯೇ ಎಂದು ತಜ್ಞರಿಗೆ ತೋರಿಸಿ. ಇವಕ್ಕೆ ಚಿಕಿತ್ಸೆ ಇದೆ.

4. ಜಾಹೀರಾತು ನೋಡಿ ದುಬಾರಿ ಗುಳಿಗೆ ಕೊಳ್ಳಬೇಡಿ. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರಿಗೆ ಸತು ಮತ್ತು ಫೋಲಿಕ್ ಆಸಿಡ್ ಕೊಟ್ಟು ನೋಡಿದರು. ಕೊಟ್ಟವರಲ್ಲಿ ಶೇ. 34, ಕೊಡದವರಲ್ಲಿ ಶೇ. 35 ಮಂದಿಗೆ ಮಕ್ಕಳಾದವು. ಏನೂ ಲಾಭವಾಗಲಿಲ್ಲ. ಆದರೆ ನಿಮಗೆ ಡಾಕ್ಟರು ಕೊಟ್ಟಿರುವ ಫೋಲಿಕ್ ಆಸಿಡ್ ಮಗುವಿನ ಬೆನ್ನುಹುರಿ, ಮಿದುಳಿನ ರಕ್ಷಣೆಗಾಗಿ, ಅದನ್ನು ಬಿಡಬೇಡಿ.

ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಬಲಿತು ಹೊರಬರಲು ಇನ್ನಷ್ಟು ದಿನ. ಆದ್ದರಿಂದ ಇಂದು ಬಿಟ್ಟ ಬೀಡಿಯ ಫಲ ಕಾಣಲು ಮೂರು ತಿಂಗಳು ತಾಳ್ಮೆ ಬೇಕು. ನಿಮಗೆ ಮೂವತ್ತೈದು ದಾಟಿದ್ದರೆ ಮಾತ್ರ ಕಾಯುತ್ತ ಕೂರದೆ ಈಗಲೇ ತಜ್ಞರನ್ನು ಕಾಣಿ.

ಯಜಮಾನರನ್ನು ಹಳಿಯಬೇಡಿ. ಇದು ಗಂಡಸುತನದ ಪ್ರಶ್ನೆಯಲ್ಲ. ಅತ್ತೆಯವರಿಗೆ ನೀವು ಹೇಳುವುದಕ್ಕಿಂತ ಅವರ ಮಗನೇ ಕೂತು ಹೇಳಲಿ. ಆ ಮಾತಿಗೆ ತೂಕ ಹೆಚ್ಚು.