ನೂಡಲ್ಸ್ ಬಟ್ಟಲು ಮತ್ತು ನಮ್ಮ ಮೂಗು



ಬೈಲುಕುಪ್ಪೆಯ ಸಣ್ಣದೊಂದು ನೂಡಲ್ಸ್ ಅಂಗಡಿಯಲ್ಲಿ ನಾನು ‘ಸೀಫುಡ್’ ರುಚಿಯ ರಾಮೆನ್ ತಿಂದ ಸುದ್ದಿ ನಮ್ಮ ಬಳಗದಲ್ಲೆಲ್ಲ ಹರಡಿದೆ. “ಮೇಷ್ಟ್ರೇ, ಈ ವಯಸ್ಸಿನಲ್ಲಿ ಆ ನಾತದ ಪರದೇಶಿ ಊಟ ನಿಮಗೇಕೆ?” ಎಂದು ಕೆಲವರು ಕೇಳಿದ್ದಾರೆ. ಈ ಪ್ರಶ್ನೆಯಲ್ಲಿ ಎರಡು ಆಕ್ಷೇಪಗಳಿವೆ. ಎರಡನ್ನೂ ನಾನು ಒಪ್ಪುವುದಿಲ್ಲ.

ಮೊದಲನೆಯದು ‘ಪರದೇಶಿ’. ರಾಮೆನ್ ಚೀನಾದಿಂದ ಜಪಾನಿಗೆ ಹೋದ ಗೋಧಿಯ ಎಳೆ. 1958ರಲ್ಲಿ ಮೊಮೊಫುಕು ಆಂಡೋ ಎಂಬಾತ ಅದನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ ಪೊಟ್ಟಣಕ್ಕೆ ತುಂಬಿದ. ಟಿಬೆಟಿನವರ ಥುಕ್ಪಾ ಅದರ ನೆಂಟ. ನಮ್ಮ ಶಾವಿಗೆಯೂ ತೀರಾ ಪರಕೀಯವಲ್ಲ. ಟಿಬೆಟಿನ ನಿರಾಶ್ರಿತರು ನಮ್ಮ ತಾಲ್ಲೂಕಿಗೆ ಬಂದು ನೆಲೆಸತೊಡಗಿದ್ದು 1960–61ರಲ್ಲಿ. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಅವರ ಮೊಮ್ಮಕ್ಕಳು ಹುಟ್ಟಿದ್ದು ಇಲ್ಲಿಯೇ. ಆರು ದಶಕಗಳ ನೆರೆಮನೆಯ ಊಟ ಇನ್ನೂ ಪರದೇಶಿಯೇ?

ಹಾಗಾದರೆ ನಮ್ಮದು ಯಾವುದು? 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದ ಮೂರನೆಯ ಮಂಗರಸ ನಮ್ಮ ಚಂಗಾಳ್ವ ಸೀಮೆಯ ಕಲ್ಲಹಳ್ಳಿಯವನು. ಆತನಿಗೆ ಮೆಣಸಿನಕಾಯಿಯಾಗಲಿ ಟೊಮ್ಯಾಟೊವಾಗಲಿ ತಿಳಿದಿರಲು ಸಾಧ್ಯವಿರಲಿಲ್ಲ. ಅವೆರಡೂ ಅಮೆರಿಕ ಖಂಡದಿಂದ ಆಮೇಲೆ ಬಂದವು. ಪಿರಿಯಾಪಟ್ಟಣದ ಸಾವಿರಾರು ಸಂಸಾರಗಳನ್ನು ಸಾಕುತ್ತಿರುವ ಹೊಗೆಸೊಪ್ಪಿನ ತವರೂ ಅದೇ. ಹಣ ತರುವ ಬೆಳೆ ಸ್ವದೇಶಿ, ನೆರೆಯವನ ಬಟ್ಟಲು ಪರದೇಶಿ! ಇದೆಂಥ ನ್ಯಾಯ?

ಎರಡನೆಯದು ‘ನಾತ’. ಆ ಸಾರಿನಲ್ಲಿ ಒಣಸೀಗಡಿಯ ವಾಸನೆಯಿತ್ತು, ನಿಜ. ನಮ್ಮ ಸಂತೆಯಲ್ಲಿ ಒಣಮೀನಿನ ಬುಟ್ಟಿಗಳ ಮುಂದೆ ಹಾದುಹೋದವರಿಗೆ ಅದು ಹೊಸದಲ್ಲ. ಶಾಲೆಯಲ್ಲಿ ಒಣಮೀನಿನ ಸಾರು ತಂದ ಮಕ್ಕಳು ಬುತ್ತಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು, ಮೂಲೆಯಲ್ಲಿ ತಲೆತಗ್ಗಿಸಿ ಉಣ್ಣುತ್ತಿದ್ದುದನ್ನು ನಾನು ಕಂಡಿದ್ದೇನೆ. ‘ನಾತ’ ಎಂದು ಮೂಗು ಹಿಡಿಯುತ್ತಿದ್ದ ಸಹಪಾಠಿಗಳು ಅಣಕಿಸುತ್ತಿದ್ದುದು ಮೀನನ್ನಲ್ಲ, ಆ ಮಗುವಿನ ಕೇರಿಯನ್ನು. ಅದೇ ಮೂಗು ಈಗ ಬೈಲುಕುಪ್ಪೆಯ ಕಡೆಗೆ ತಿರುಗಿದೆ, ಅಷ್ಟೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಾಂಪ್ರದಾಯಿಕ ಟಿಬೆಟನ್ನರಲ್ಲಿ ಅನೇಕರು ಮೀನನ್ನು ಮುಟ್ಟುವುದಿಲ್ಲ. ಒಂದು ಊಟಕ್ಕಾಗಿ ಹಲವು ಸಣ್ಣ ಜೀವಗಳನ್ನು ತೆಗೆಯಬಾರದೆಂಬುದು ಅವರ ಭಾವನೆ. ಅಂಗಡಿಯ ಅಜ್ಜಿಯೂ, “ನಾನು ಮೀನು ತಿನ್ನಲ್ಲ ಸಾರ್, ನೀವು ತಿನ್ನಿ” ಎಂದು ನಗುತ್ತಲೇ ಬಟ್ಟಲನ್ನು ನನ್ನ ಮುಂದಿಟ್ಟರು. ತಾನು ಉಣ್ಣದ್ದನ್ನೂ ಮುಖ ಸಿಂಡರಿಸದೆ ಬಡಿಸುವುದು ಸಂಸ್ಕಾರ. ಅದನ್ನು ನಾವು ಅವರಿಂದ ಕಲಿಯಬೇಕಾಗಿದೆ.

ಮೈದಾ ಒಳ್ಳೆಯದಲ್ಲ, ಉಪ್ಪು ಹೆಚ್ಚು ಎನ್ನಿ, ಒಪ್ಪುತ್ತೇನೆ. ಸೇರದಿದ್ದರೆ ತಿನ್ನಲೂ ಬೇಡಿ. ಆದರೆ ಇನ್ನೊಬ್ಬರು ಉಣ್ಣುವಾಗ ಮೂಗು ಮುಚ್ಚಬೇಡಿ. ನಿಮ್ಮ ಮಕ್ಕಳಿಗೂ ಅದನ್ನು ಕಲಿಸಬೇಡಿ.