ನಾಯಕನ ಆಯ್ಕೆಯೂ ನಾಡಿನ ಕೂಗೂ: ನರಿಮನ್ ಪ್ರಕರಣದಿಂದ ಕಲಿಯತಕ್ಕ ಪಾಠ

ಮಂತ್ರಿಮಂಡಲವೊಂದು ರಚಿತವಾಗುವ ದಿನವೆಂದರೆ ನಮ್ಮ ದೇಶದಲ್ಲಿ ಮದುವೆಯ ಮನೆಯ ಗದ್ದಲದ ದಿನವೇ ಸರಿ. ಯಾರಿಗೆ ಯಾವ ಖಾತೆ ದೊರೆಯಿತು, ಯಾರ ಹೆಸರು ಕಡೆಯ ಗಳಿಗೆಯಲ್ಲಿ ಯಾದಿಯಿಂದ ಜಾರಿತು, ಯಾರ ಹಿಂದೆ ಯಾರ ಕೈಯಿದ್ದಿತು ಎಂಬ ಮಾತುಗಳು ಪೇಟೆಯ ಕಟ್ಟೆಗಳ ಮೇಲೂ ವಾಚನಾಲಯಗಳ ಮೇಜುಗಳ ಸುತ್ತಲೂ ಶಾಲೆಯ ಬಿಡುವಿನ ವೇಳೆಯಲ್ಲಿಯೂ ನಡೆಯುತ್ತಲೇ ಇರುತ್ತವೆ. ಇದನ್ನು ಕೆಲಸವಿಲ್ಲದವರ ಹರಟೆಯೆಂದು ತಳ್ಳಿಹಾಕುವವರು ಉಂಟು. ಆ ಪಂಕ್ತಿಗೆ ನಾವು ಸೇರಿದವರಲ್ಲ. ತಮ್ಮನ್ನು ಆಳತಕ್ಕವರು ಯಾರು, ಅವರನ್ನು ಆರಿಸಿದವರು ಯಾರು ಎಂದು ಕೇಳುವ ಜನವು ಜೀವಂತವಾದ ಜನವು. ಆದರೆ ಕೇಳುವುದು ಬೇರೆ, ತೀರ್ಪು ಕೊಡುವುದು ಬೇರೆ. ಈ ಎರಡರ ನಡುವಿನ ಗೆರೆ ಅಳಿಸಿಹೋದಾಗ ಏನಾಗುತ್ತದೆಂಬುದಕ್ಕೆ 1937ರಲ್ಲಿ ಮುಂಬಯಿ ಇಲಾಖೆಯಲ್ಲಿ ನಡೆದ ನರಿಮನ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಅದೇ ಇಲಾಖೆಯಲ್ಲಿ ಸೇರಿದ್ದುದರಿಂದ ಆ ಸಂಗತಿಯು ಕನ್ನಡಿಗರಿಗೆ ಹೊರಗಿನದೂ ಅಲ್ಲ.

ಖುರ್ಷೇದ ಫ್ರಾಮಜಿ ನರಿಮನ್ನರ ಹೆಸರನ್ನು ಇಂದಿನ ತರುಣರು ಮುಂಬಯಿಯ ಸಮುದ್ರತೀರದ ಎತ್ತರದ ಕಟ್ಟಡಗಳ ಸಾಲಿನ ಹೆಸರಾಗಿ ಮಾತ್ರ ಬಲ್ಲರು. ಆ ಸಮುದ್ರವನ್ನು ತುಂಬಿ ನೆಲ ಮಾಡುವ ಬ್ಯಾಕ್‌ಬೇ ಯೋಜನೆಯಲ್ಲಿ ಸರಕಾರದ ಹಣವು ಪೋಲಾದುದನ್ನು 1920ರ ದಶಕದಲ್ಲಿ ಎತ್ತಿ ಆಡಿದ ವಕೀಲರೇ ಈ ನರಿಮನ್ನರು. ಹಾರ್ವೇ ಎಂಬ ಅಧಿಕಾರಿಯು ಅವರ ಮೇಲೆ ಮಾನಹಾನಿಯ ದಾವೆ ಹೂಡಿದನು. ನರಿಮನ್ನರು ನಿರ್ದೋಷಿಗಳಾಗಿ ಹೊರಬಂದರು. ಅಂದಿನಿಂದ ಮುಂಬಯಿ ನಗರವು ಅವರನ್ನು ತನ್ನ ವೀರನೆಂದು ಬಗೆಯಿತು. ಅವರು ಸೆರೆಮನೆಯನ್ನು ಕಂಡವರು, ಮುಂಬಯಿ ಪ್ರಾಂತಿಕ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿದ್ದವರು, ನಗರಸಭೆಯ ಮೇಯರರಾಗಿದ್ದವರು. ಹೀಗಿರಲು 1937ರ ಚುನಾವಣೆಯಲ್ಲಿ 175 ಸ್ಥಾನಗಳ ಶಾಸನಸಭೆಯಲ್ಲಿ ಕಾಂಗ್ರೆಸ್ಸು ಹೆಚ್ಚುಕಡಿಮೆ ಅರ್ಧದಷ್ಟು ಸ್ಥಾನಗಳನ್ನು ಗೆದ್ದು ಎಲ್ಲಕ್ಕಿಂತ ದೊಡ್ಡ ಪಕ್ಷವಾದಾಗ, ಪ್ರಧಾನಮಂತ್ರಿಯ ಪಟ್ಟವು ನರಿಮನ್ನರದೇ ಎಂದು ನಗರವೆಲ್ಲ ನಂಬಿದ್ದರೆ ಅದರಲ್ಲಿ ಆಶ್ಚರ್ಯವೇನು?

ಆದದ್ದು ಬೇರೆ. ಆ ವರ್ಷದ ಮಾರ್ಚಿನಲ್ಲಿ ಕೂಡಿದ ಶಾಸನಸಭಾ ಪಕ್ಷವು ಬಾಳಾಸಾಹೇಬ ಗಂಗಾಧರ ಖೇರರನ್ನು ನಾಯಕರನ್ನಾಗಿ ಆರಿಸಿತು. ಖೇರರು ಸಾತ್ವಿಕರು, ವ್ಯಾಸಂಗಿಗಳು, ಸಾಲಿಸಿಟರರು. ಬಾಲ್ಯದಲ್ಲಿ ನಮ್ಮ ಕುಂದಗೋಳದ ನೀರು ಕುಡಿದವರು. ಆದರೆ ನಗರದ ಸಾಮಾನ್ಯ ಜನಕ್ಕೆ ಅವರ ಹೆಸರು ನರಿಮನ್ನರ ಹೆಸರಿನಂತೆ ಪರಿಚಿತವಾಗಿರಲಿಲ್ಲ. ಒಡನೆಯೇ ಕೂಗು ಎದ್ದಿತು. ಪತ್ರಿಕೆಗಳಲ್ಲಿ, ವಿಶೇಷವಾಗಿ ಪಾರಸಿ ಸಮಾಜದ ಪತ್ರಿಕೆಗಳಲ್ಲಿ, ಲೇಖನದ ಮೇಲೆ ಲೇಖನ ಬಂದಿತು. ಪಾರ್ಲಿಮೆಂಟರಿ ಸಮಿತಿಯ ಸೂತ್ರವನ್ನು ಹಿಡಿದಿದ್ದ ಸರದಾರ ವಲ್ಲಭಭಾಯಿ ಪಟೇಲರು ಸದಸ್ಯರ ಮೇಲೆ ಒತ್ತಾಯ ತಂದರೆಂದು ನರಿಮನ್ನರು ದೂರಿದರು. ನರಿಮನ್ನರು ಅಲ್ಪಸಂಖ್ಯಾತ ಪಾರಸಿಗಳಾದುದರಿಂದಲೇ ಅವರಿಗೆ ಪಟ್ಟ ತಪ್ಪಿತೆಂದು ಹಲವರು ಆಡಿಕೊಂಡರು. ಸರದಾರರು ಒತ್ತಾಯವನ್ನು ಅಲ್ಲಗಳೆದರು. ದೂರು ಆ ವರ್ಷದ ಕಾಂಗ್ರೆಸ್ ಅಧ್ಯಕ್ಷರಾದ ಜವಾಹರಲಾಲ ನೆಹರೂ ಅವರ ಮುಂದೆಯೂ ಕಾರ್ಯಕಾರಿ ಸಮಿತಿಯ ಮುಂದೆಯೂ ಹೋಗಿ, ಕಡೆಗೆ ಮಹಾತ್ಮಾ ಗಾಂಧಿಯವರ ಬಳಿಗೆ ಬಂದಿತು. ಗಾಂಧೀಜಿಯವರು ಪಾರಸಿಗಳೇ ಆದ ಪ್ರಸಿದ್ಧ ನ್ಯಾಯವಾದಿ ಬಹಾದುರಜಿಯವರನ್ನು ಜೊತೆಗೆ ತೆಗೆದುಕೊಂಡು ವಿಚಾರಣೆ ನಡೆಸಿದರು.

ತೀರ್ಪು ನರಿಮನ್ನರಿಗೆ ಎರಡು ಬಗೆಯಿಂದಲೂ ಪ್ರತಿಕೂಲವಾಯಿತು. ಸರದಾರರ ಮೇಲಿನ ಆರೋಪವು ಸಿದ್ಧವಾಗಲಿಲ್ಲವೆಂಬುದು ಒಂದು. 1934ರ ಕೇಂದ್ರ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ವಿಷಯದಲ್ಲಿ ನರಿಮನ್ನರೇ ಕರ್ತವ್ಯಕ್ಕೆ ಎರವಾದರೆಂಬುದು ಇನ್ನೊಂದು. ಆ ಚುನಾವಣೆಯಲ್ಲಿ ಕನ್ಹಯ್ಯಾಲಾಲ ಮುನ್ಶಿಯವರು ಸೋತು ಸರ್ ಕಾವಸಜಿ ಜಹಾಂಗೀರರು ಗೆದ್ದಿದ್ದರು. ನರಿಮನ್ನರು ಮೊದಲು ತೀರ್ಪಿಗೆ ತಲೆಬಾಗಿ ಅನಂತರ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಕಾಂಗ್ರೆಸ್ಸಿನಲ್ಲಿ ಯಾವ ಹೊಣೆಯ ಸ್ಥಾನಕ್ಕೂ ಅವರು ಅರ್ಹರಲ್ಲವೆಂದು ಕಾರ್ಯಕಾರಿ ಸಮಿತಿಯು ಗೊತ್ತುವಳಿ ಮಾಡಿತು. ಒಂದು ವರ್ಷದ ಮೊದಲು ನಗರದ ಕಣ್ಮಣಿಯಾಗಿದ್ದವರ ರಾಜಕೀಯ ಬಾಳು ಹೀಗೆ ಮುರಿದುಬಿದ್ದಿತು. 1948ರಲ್ಲಿ ಅವರು ತೀರಿಕೊಂಡರು.

ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದುಹೋದ ಈ ವ್ಯಾಜ್ಯವನ್ನು ಮತ್ತೆ ಕೆದಕುವುದೇತಕ್ಕೆ ಎಂದು ವಾಚಕರು ಕೇಳಬಹುದು. ಅಂದು ಎದ್ದ ಪ್ರಶ್ನೆಗಳೇ ಪ್ರತಿಯೊಂದು ಮಂತ್ರಿಮಂಡಲದ ರಚನೆಯ ಕಾಲದಲ್ಲಿಯೂ ಹೊಸ ವೇಷ ತೊಟ್ಟು ಬರುತ್ತವೆ, ಆದುದರಿಂದ ಕೆದಕುತ್ತೇವೆ.

ಮೊದಲನೆಯದಾಗಿ, ಜನಾಭಿಪ್ರಾಯವೆಂದರೆ ಯಾವುದು? ಮುಂಬಯಿ ನಗರದಲ್ಲಿ ಎದ್ದ ಕೂಗನ್ನೇ ಇಡೀ ಇಲಾಖೆಯ ಕೂಗೆಂದು ಅಂದಿನ ಪತ್ರಿಕೆಗಳು ಹಲವು ಭಾವಿಸಿದವು. ಆದರೆ ಆ ಶಾಸನಸಭಾ ಪಕ್ಷದಲ್ಲಿದ್ದವರು ನಗರದವರು ಮಾತ್ರವೇ? ಗುಜರಾತ, ಮಹಾರಾಷ್ಟ್ರ, ಕರ್ನಾಟಕ, ಮುಂಬಯಿ ನಗರ ಎಂಬ ನಾಲ್ಕು ಕಾಂಗ್ರೆಸ್ ಪ್ರಾಂತಗಳ ಪ್ರತಿನಿಧಿಗಳು ಅಲ್ಲಿ ಕೂಡಿದ್ದರು. ರಾಣಿಬೆನ್ನೂರಿನ ಒಕ್ಕಲಿಗನೂ ಖೇಡಾದ ಪಾಟೀದಾರನೂ ರತ್ನಾಗಿರಿಯ ಗುಮಾಸ್ತನೂ ಕೊಟ್ಟ ಮತಗಳಿಂದ ಆ ಸದಸ್ಯರು ಗೆದ್ದು ಬಂದವರು. ಬ್ಯಾಕ್‌ಬೇ ಮೊಕದ್ದಮೆಯ ಕೀರ್ತಿಯು ಇವರೆಲ್ಲರ ಮನೆಯ ಬಾಗಿಲಿಗೆ ತಲುಪಿದ್ದಿತೆಂದು ಹೇಳಲಾಗದು. ಮುದ್ರಣಯಂತ್ರವು ಯಾರ ಬಳಿಯಲ್ಲಿದೆಯೋ ಅವರ ಧ್ವನಿಯು ದೊಡ್ಡದಾಗಿ ಕೇಳುವುದು ಸಹಜ. ದೊಡ್ಡ ಧ್ವನಿಯೇ ಹೆಚ್ಚಿನವರ ಧ್ವನಿಯೆಂದು ತಿಳಿಯುವುದು ಭ್ರಾಂತಿ. ಪತ್ರಿಕೆ ನಡೆಸುವವರಾದ ನಾವು ಈ ಮಾತನ್ನು ನಮ್ಮ ಮೇಲೆಯೇ ಹೇಳಿಕೊಳ್ಳುತ್ತಿದ್ದೇವೆ.

ಎರಡನೆಯದಾಗಿ, ಕೂಗು ಅತಿಯಾದುದೆಂದ ಮಾತ್ರಕ್ಕೆ ಅದರ ಹಿಂದಿನ ಸಂದೇಹವು ಹುಸಿಯಾಗುವುದೇ? ಇಲ್ಲ. ನಾಯಕನನ್ನು ಆರಿಸುವ ಹಕ್ಕು ಸದಸ್ಯರದೆಂಬುದು ನಿಜ. ಆದರೆ ಸದಸ್ಯರು ಆ ಹಕ್ಕನ್ನು ತಮ್ಮ ಮನಸ್ಸಿನಿಂದ ನಡೆಸಿದರೋ ಇನ್ನೊಬ್ಬರ ಕಣ್ಸನ್ನೆಯಿಂದ ನಡೆಸಿದರೋ ಎಂದು ಕೇಳುವ ಹಕ್ಕು ಮತದಾರನಿಗೆ ಇದ್ದೇ ಇದೆ. ಸರದಾರರು ನರಿಮನ್ನರನ್ನು ಬೆಂಬಲಿಸಲಿಲ್ಲವೆಂಬುದು ಗುಟ್ಟೇನೂ ಆಗಿರಲಿಲ್ಲ. ಅಂತಹ ಪುರುಷನು ಒಂದು ಮಾತನ್ನೂ ಆಡದಿದ್ದರೂ ಅವನ ಮೌನವೇ ಆಜ್ಞೆಯಾಗಿ ಪರಿಣಮಿಸುವುದುಂಟು. ಒತ್ತಾಯವೆಂಬುದು ಸಾಕ್ಷಿಗಳಿಂದ ಸಿದ್ಧವಾಗಲಿಲ್ಲ. ಅದನ್ನು ನಾವು ಒಪ್ಪುತ್ತೇವೆ. ಆದರೆ ಪ್ರಭಾವವೆಂಬುದು ಸಾಕ್ಷಿ ಬಿಟ್ಟುಹೋಗುವ ವಸ್ತುವಲ್ಲ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ನೋಡಿದವರು ಹೆಂಡವೆಂದೇ ಅನ್ನುವರು. ಸಭೆಗೆ ಮೊದಲೇ ಮುಚ್ಚಿದ ಬಾಗಿಲುಗಳ ಹಿಂದೆ ಸಮಾಲೋಚನೆಗಳು ನಡೆದವು. ಅಲ್ಲಿ ಆಡಿದ ಮಾತುಗಳನ್ನೇ ಸದಸ್ಯರ ತುಂಬಿದ ಸಭೆಯಲ್ಲಿ ಆಡಿದ್ದರೆ, 1934ರ ದೋಷವನ್ನು ನರಿಮನ್ನರ ಎದುರಿಗೇ ಇಟ್ಟು ಉತ್ತರ ಕೇಳಿದ್ದರೆ, ಅಷ್ಟು ತಿಂಗಳುಗಳ ಕಹಿಗೆ ಕಾರಣವೇ ಇರುತ್ತಿರಲಿಲ್ಲ.

ಇಲ್ಲಿಯೇ ನಮ್ಮ ಮನಸ್ಸಿಗೆ ಒಪ್ಪದ ಇನ್ನೊಂದು ಸಂಗತಿಯಿದೆ. ದೂರು ತಂದವರು ನರಿಮನ್ನರು. ದೂರಿನ ವಿಷಯ 1937ರ ಆಯ್ಕೆ. ವಿಚಾರಣೆಯು ಮುಗಿಯುವ ಹೊತ್ತಿಗೆ ದೂರಿದವರೇ ಅಪರಾಧಿಗಳ ಸ್ಥಾನದಲ್ಲಿ ನಿಂತಿದ್ದರು. ವಿಷಯವು 1934ಕ್ಕೆ ಹಿಂದೆ ಸರಿದಿದ್ದಿತು. ಆ ಹಳೆಯ ತಪ್ಪು ಅಷ್ಟು ಘೋರವಾಗಿದ್ದರೆ ನಡುವಿನ ಮೂರು ವರ್ಷ ಅವರನ್ನು ಹೊಣೆಯ ಸ್ಥಾನಗಳಲ್ಲಿ ಇರಗೊಟ್ಟದ್ದೇಕೆ? ಅಷ್ಟು ಘೋರವಲ್ಲದಿದ್ದರೆ ಅಂತಹ ಕಠಿಣ ಶಿಕ್ಷೆ ವಿಧಿಸಿದ್ದೇಕೆ? ವಿಚಾರಕರ ಪ್ರಾಮಾಣಿಕತೆಯನ್ನು ನಾವು ಎಳ್ಳಷ್ಟೂ ಶಂಕಿಸುವುದಿಲ್ಲ. ಆದರೆ ದೂರು ಕೊಟ್ಟವನು ತಾನೇ ದಂಡ ತೆತ್ತು ಮನೆಗೆ ಹೋಗುವನೆಂದು ಒಮ್ಮೆ ಕಂಡರೆ, ಮುಂದೆ ದೂರು ತರುವ ಧೈರ್ಯ ಯಾರಿಗೆ ಉಳಿದೀತು? ಶಿಸ್ತು ಸಂಸ್ಥೆಯ ಬೆನ್ನೆಲುಬು ನಿಜ. ಬೆನ್ನೆಲುಬು ಬಾಗದಿದ್ದರೆ ದೇಹವು ನಡೆಯಲಾರದೆಂಬುದೂ ನಿಜ.

ಜಾತಿಮತದ ಆರೋಪದ ವಿಷಯದಲ್ಲಿ ಎರಡೂ ಪಕ್ಷಕ್ಕೆ ನ್ಯಾಯ ಸಲ್ಲಿಸಬೇಕು. ಖೇರರ ಏಳು ಜನರ ಮಂತ್ರಿಮಂಡಲದಲ್ಲಿ ಪಾರಸಿಗಳಾದ ಡಾಕ್ಟರ ಗಿಲ್ಡರರು ಇದ್ದರು. ವಿಚಾರಣೆಯಲ್ಲಿ ಬಹಾದುರಜಿಯವರು ಇದ್ದರು. ಆದುದರಿಂದ ಪಾರಸಿಗಳೆಂಬ ಒಂದೇ ಕಾರಣದಿಂದ ನರಿಮನ್ನರನ್ನು ತಳ್ಳಿದರೆಂಬ ಮಾತು ಸುಲಭವಾಗಿ ನಿಲ್ಲದು. ಆದರೂ ಅಂದಿನ ಹಿರಿಯರಲ್ಲಿ ಒಬ್ಬರಾದ ಮೌಲಾನಾ ಅಬುಲ್ ಕಲಾಂ ಆಜಾದರು, 1959ರಲ್ಲಿ ಪ್ರಕಟವಾದ ತಮ್ಮ ಆತ್ಮವೃತ್ತಾಂತದಲ್ಲಿ, ನರಿಮನ್ನರಿಗೆ ಅನ್ಯಾಯವಾಯಿತೆಂದೇ ಬರೆದಿಟ್ಟರು. ಪಾರ್ಲಿಮೆಂಟರಿ ಸಮಿತಿಯ ಒಳಗಿದ್ದವರೇ ಇಪ್ಪತ್ತು ವರ್ಷಗಳ ಮೇಲೆಯೂ ಹೀಗೆ ನೆನೆದರೆಂದರೆ, ಹೊರಗಿನ ಜನರ ಸಂದೇಹವು ಬರಿಯ ಪತ್ರಿಕೆಗಳ ಸೃಷ್ಟಿಯಾಗಿರಲಿಲ್ಲವೆಂದು ಒಪ್ಪಲೇಬೇಕು. ಅಡಿಕೆಗೆ ಹೋದ ಮಾನವು ಆನೆ ಕೊಟ್ಟರೂ ಬಾರದೆಂಬ ಗಾದೆಯು ಸಂಸ್ಥೆಗಳಿಗೂ ಸಲ್ಲುತ್ತದೆ.

ಹಾಗಾದರೆ ಖೇರರ ಆಯ್ಕೆಯು ತಪ್ಪಾಯಿತೇ? ಇದಕ್ಕೆ ಉತ್ತರವನ್ನು ಅವರ ಆಡಳಿತದಲ್ಲಿ ಹುಡುಕಬೇಕು. 1937ರ ಜುಲೈಯಲ್ಲಿ ಅಧಿಕಾರಕ್ಕೆ ಬಂದ ಅವರ ಮಂತ್ರಿಮಂಡಲವು 1939ರ ನವೆಂಬರಿನವರೆಗೆ ನಡೆಯಿತು. ಕರನಿರಾಕರಣೆಯ ಕಾಲದಲ್ಲಿ ಸರಕಾರವು ಕಸಿದುಕೊಂಡಿದ್ದ ಹೊಲಗದ್ದೆಗಳನ್ನು ಹಿಂದಿರುಗಿಸಲು ಅದು ಕಾಯಿದೆ ಮಾಡಿತು. ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಿಸಿ ಭೂಮಿ ಕಳೆದುಕೊಂಡಿದ್ದ ನಮ್ಮ ರೈತರಿಗೆ ಇದು ಪುನರ್ಜನ್ಮದಂತಾಯಿತು. 1938ರಲ್ಲಿ ಅದೇ ಮುಂಬಯಿ ಶಾಸನಸಭೆಯು ಪ್ರತ್ಯೇಕ ಕರ್ನಾಟಕ ಪ್ರಾಂತದ ಪರವಾಗಿ ಗೊತ್ತುವಳಿಯನ್ನೂ ಮಾಡಿತು. ಖೇರರು ಅಯೋಗ್ಯರಾಗಿದ್ದರೆಂದು ಅವರ ವಿರೋಧಿಗಳೂ ಹೇಳಲಾರರು. ಆದರೆ ಯೋಗ್ಯನನ್ನು ಆರಿಸಿದೆವೆಂಬುದು ಆರಿಸಿದ ರೀತಿಗೆ ಸಮಾಧಾನವಾಗದು. ಒಳ್ಳೆಯ ಅಳಿಯ ದೊರೆತನೆಂದು, ಮಗಳನ್ನು ಕೇಳದೆ ಲಗ್ನ ಮಾಡಿದ ತಂದೆಯ ತಪ್ಪು ಒಪ್ಪಾಗುವುದೇ?

ಮರುವರ್ಷ ಮಧ್ಯಪ್ರಾಂತದಲ್ಲಿ ಇದಕ್ಕಿಂತಲೂ ವಿಚಿತ್ರವಾದ ನಾಟಕ ನಡೆಯಿತು. ಅಲ್ಲಿನ ಪ್ರಧಾನಮಂತ್ರಿ ಡಾಕ್ಟರ ಖರೆಯವರು 1938ರ ಜುಲೈಯಲ್ಲಿ, ಮಹಾಕೋಶಲದ ಮೂವರು ಮಂತ್ರಿಗಳಾದ ಶುಕ್ಲ, ಮಿಶ್ರ, ಮೆಹತಾ ಇವರನ್ನು ಬಿಡಿಸಲೆಂದು ತಾವೇ ರಾಜೀನಾಮೆ ಕೊಟ್ಟು, ಗವರ್ನರನ ಕೈಯಿಂದ ಅವರನ್ನು ವಜಾ ಮಾಡಿಸಿ, ಹೊಸ ಮಂತ್ರಿಮಂಡಲ ಕಟ್ಟಿದರು. ಕೆಲವೇ ದಿನಗಳಲ್ಲಿ ಕಾಂಗ್ರೆಸ್ ವರಿಷ್ಠರು ಅದನ್ನು ಬಿಡಿಸಿದರು, ಶುಕ್ಲರು ಪ್ರಧಾನಮಂತ್ರಿಗಳಾದರು. ಹಿಂದಿಯ ಮಹಾಕೋಶಲವೂ ಮರಾಠಿಯ ನಾಗಪುರ ವಿದರ್ಭಗಳೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಎಳೆದಾಡುತ್ತಿದ್ದ ಪ್ರಾಂತವದು. ಪರಸ್ಪರರ ಭಾಷೆಯನ್ನರಿಯದ ಜನಗಳನ್ನು ಆಡಳಿತದ ಅನುಕೂಲಕ್ಕಾಗಿ ಹೊಲಿದು ಕೂಡಿಸಿದಲ್ಲಿ ಮಂತ್ರಿಯು ನಾಡಿನ ಮಂತ್ರಿಯಾಗದೆ ಒಂದು ಗುಂಪಿನ ಹಂಚಿಕೆಯಾಗುತ್ತಾನೆ; ಜನಾಭಿಪ್ರಾಯವೂ ನಾಲ್ಕು ನಾಲಗೆಗಳಲ್ಲಿ ಹರಿದು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಏಕೀಕರಣವನ್ನು ನಮ್ಮ ಹಿರಿಯರು ಬಯಸಿದುದಕ್ಕೆ ಇದೂ ಒಂದು ಕಾರಣ. ಮಂತ್ರಿಯನ್ನು ಕನ್ನಡದಲ್ಲಿ ಪ್ರಶ್ನಿಸಿ ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು 1956ರ ನವೆಂಬರ 1ರಂದು ನಮಗೆ ಕೈಗೂಡಿತು.

ಆದರೆ ಆತ್ಮವಂಚನೆ ಮಾಡಿಕೊಳ್ಳಕೂಡದು. ಒಂದಾದ ನಾಡಿನಲ್ಲಿಯೂ ಮಂತ್ರಿಪದವಿಯ ಜಗಳಗಳು ನಿಂತಿಲ್ಲ. ಜಿಲ್ಲೆಯ ಲೆಕ್ಕ, ಜಾತಿಯ ಲೆಕ್ಕ, ವರಿಷ್ಠರ ಕೃಪೆಯ ಲೆಕ್ಕ ಇವು ಪಕ್ಷಪಕ್ಷಕ್ಕೂ ಇವೆ. ಯಾದಿಯನ್ನು ಹಿಡಿದು ರಾಜಧಾನಿಗೆ ಓಡುವ ಪದ್ಧತಿಯೂ ಅಳಿದಿಲ್ಲ. ಭಾಷೆಯು ಬಾಗಿಲನ್ನು ನಮ್ಮ ಮನೆಯ ಬಾಗಿಲನ್ನಾಗಿ ಮಾಡಿತು. ಆ ಬಾಗಿಲನ್ನು ತೆರೆದಿಡುವ ಕೆಲಸ ನಮ್ಮ ಪಾಲಿಗೇ ಉಳಿದಿದೆ.

ಅದು ಆಗುವುದು ಹೇಗೆ? ಮಂತ್ರಿಯನ್ನು ಆರಿಸುವವರು ಆರಿಸಿದ ಕಾರಣವನ್ನು ಬಹಿರಂಗವಾಗಿ ಹೇಳಲಿ. ಬಿಟ್ಟವರ ಮೇಲೆ ದೋಷವಿದ್ದರೆ ಅದನ್ನು ಅವರ ಮುಖದೆದುರಿಗೆ, ಸಕಾಲದಲ್ಲಿ, ಹೇಳಲಿ. ಶಾಸಕರು ಗುಪ್ತಮತದಿಂದ ತಮ್ಮ ನಾಯಕರನ್ನು ಆರಿಸುವುದು ಹೆಸರಿಗಷ್ಟೇ ಉಳಿಯದಿರಲಿ. ಪತ್ರಿಕೆಗಳು ಸಂದೇಹವನ್ನು ಸಂದೇಹವೆಂದೇ ಬರೆಯಲಿ, ಸಾಕ್ಷಿ ದೊರೆತ ಮೇಲೆ ಆರೋಪವೆನ್ನಲಿ. ಜನರಾದ ನಾವು ನಮ್ಮ ಊರಿನವನು, ನಮ್ಮ ಮತದವನು ಎಂಬ ಕಾರಣದಿಂದ ಕೂಗೆಬ್ಬಿಸುವುದನ್ನು ಬಿಟ್ಟು, ಅವನು ಮಾಡಿದ್ದೇನು, ಮಾಡಬಲ್ಲುದೇನು ಎಂದು ಕೇಳಲು ಕಲಿಯೋಣ. ಪೌರನೀತಿಯ ಪಾಠ ಹೇಳುವ ಶಿಕ್ಷಕರು ಮಂತ್ರಿಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವ ಬದಲು ನರಿಮನ್ ಪ್ರಕರಣವನ್ನು ಮಕ್ಕಳ ಮುಂದಿಟ್ಟು, ‘ನೀವು ಆ ಸಭೆಯ ಸದಸ್ಯರಾಗಿದ್ದರೆ ಯಾರಿಗೆ ಮತ ಕೊಡುತ್ತಿದ್ದಿರಿ, ಏಕೆ?’ ಎಂದು ಒಮ್ಮೆ ಕೇಳಿ ನೋಡಲಿ. ಕಾರಣ ಹೇಳಿ ಮತ ಕೊಡುವುದನ್ನು ಶಾಲೆಯಲ್ಲಿ ಕಲಿತ ಮಕ್ಕಳು ನಾಳೆ ಕಾರಣ ಹೇಳದ ನಾಯಕನನ್ನು ಸಹಿಸಲಾರರು.