ಕಾಡಹಣ್ಣಿನ ಲೆಕ್ಕ, ಊರಿನ ಕ್ಷೇಮ

ಅಕಾಲದಲ್ಲಿ ಒದಗುವ ವಿಘ್ನವನ್ನು ‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’ ಎನ್ನುವುದು ಕನ್ನಡಿಗರ ರೂಢಿ. ಕರಡಿ ಬಂತೆಂದು ಬೆದರುವ ಜನ, ಅದು ಬಂದುದೇಕೆಂದು ವಿಚಾರಿಸುವುದು ಮಾತ್ರ ವಿರಳ. ಸವಳಂಗ, ಚನ್ನಗಿರಿ, ಜಗಳೂರು ಸೀಮೆಯ ಕಾಡಂಚಿನ ಹಳ್ಳಿಗಳಿಗೆ ಈ ವಿಚಾರ ಅತ್ಯಗತ್ಯ.

ಕರಡಿ ಬೇಟೆಯಾಡಿ ಬದುಕುವ ಪ್ರಾಣಿಯಲ್ಲ. ಗೆದ್ದಲು, ಇರುವೆ, ಜೇನು, ಹಣ್ಣು ಇವೇ ಅದರ ಮುಖ್ಯ ಆಹಾರ. ಮಾಗಿಯಲ್ಲಿ ಬಾರೆ, ಬೇಸಗೆಯಲ್ಲಿ ತೂಬರೆ, ಮುಂಗಾರಿನ ಹೊಸ್ತಿಲಲ್ಲಿ ಕವಳೆ, ನೇರಳೆ. ಹೀಗೆ ಋತುಋತುವಿಗೂ ವನವು ಬಡಿಸಿದ ಎಡೆಯನ್ನು ಅದು ಉಣ್ಣುತ್ತದೆ. ಉಂಡ ಹಣ್ಣಿನ ಬೀಜಗಳನ್ನು ಮಲದೊಡನೆ ದೂರದೂರ ಬಿತ್ತಿ ಕಾಡಿನ ಋಣವನ್ನೂ ತೀರಿಸುತ್ತದೆ. ಮಳೆ ತಪ್ಪಿದರೆ, ಬೆಂಕಿ ಬಿದ್ದರೆ, ಪೊದೆಗಳನ್ನು ಸೌದೆಗೆ ಕಡಿದರೆ ಆ ಎಡೆ ಬರಿದಾಗುತ್ತದೆ. ಹಸಿದ ಪ್ರಾಣಿ ಮೆಕ್ಕೆಜೋಳ, ಶೇಂಗಾ ಹೊಲಗಳತ್ತ ತಿರುಗುತ್ತದೆ. ನಸುಕಿನಲ್ಲಿ ಹೊರಟ ರೈತ ಎದುರಾದರೆ, ಬೆದರಿದ ಕರಡಿ ಮುಖಕ್ಕೇ ಎರಗುವುದುಂಟು. ಆಮೇಲೆ ದೊರೆಯುವ ಪರಿಹಾರಧನ ಹೋದ ಕಣ್ಣನ್ನು ತಂದುಕೊಡಲಾರದು.

ಕರಡಿಗಾಗಿ ನಾಡಿನಲ್ಲಿ ಏನೂ ನಡೆದಿಲ್ಲವೆಂದಲ್ಲ. ಹೊಸಪೇಟೆಯ ಬಳಿಯ ದರೋಜಿಯಲ್ಲಿ 1994ರಲ್ಲಿಯೇ ಕರಡಿಧಾಮ ಸ್ಥಾಪಿತವಾಯಿತು. ಕೊಂಡುಕುರಿಗಾಗಿ 2011ರಲ್ಲಿ ವನ್ಯಧಾಮವೆನಿಸಿದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವೂ ಕರಡಿಯ ನೆಲೆಯೇ. ಆದರೆ ದರೋಜಿಯಲ್ಲಿ ಬಂಡೆಗೆ ಬೆಲ್ಲದ ಪಾಕ ಬಳಿದು ಕರಡಿಯನ್ನು ಪ್ರವಾಸಿಗರಿಗೆ ತೋರಿಸಿದ ಪದ್ಧತಿ ಎಲ್ಲೆಡೆಗೂ ಆದರ್ಶವಾಗಬಾರದು. ಬೆಲ್ಲದ ರುಚಿ ಹತ್ತಿದ ಪ್ರಾಣಿ ಮನುಷ್ಯನಿಂದ ದೂರವಿರುವುದನ್ನು ಮರೆಯುತ್ತದೆ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 1980ರ ದಶಕದಿಂದ ವರ್ಷವರ್ಷವೂ ಕಾಡಹಣ್ಣಿನ ಫಸಲನ್ನು ಅಂದಾಜು ಮಾಡುತ್ತಾರೆ. ಫಸಲು ಸೊರಗಿದ ವರ್ಷ ಕರಡಿಗಳು ಊರಿಗೆ ಬರುವುದು ಹೆಚ್ಚೆಂದು ತಿಳಿದು ಮೊದಲೇ ಎಚ್ಚರಗೊಳ್ಳುತ್ತಾರೆ. ಈ ಕಾರ್ಯಕ್ಕೆ ಅಪಾರ ಧನವಾಗಲಿ ಯಂತ್ರವಾಗಲಿ ಬೇಕಿಲ್ಲ. ಊರಂಚಿನ ಹತ್ತು ಬಾರೆ, ಹತ್ತು ಕವಳೆ ಗಿಡಗಳನ್ನು ಗುರುತುಮಾಡಿ, ಹಗಲಿನಲ್ಲಿ, ಅಧ್ಯಾಪಕರ ಮತ್ತು ಊರ ಹಿರಿಯರ ಜೊತೆಯಲ್ಲಿ ವಿದ್ಯಾರ್ಥಿಗಳು ಹದಿನೈದು ದಿನಕ್ಕೊಮ್ಮೆ ಹೂ, ಕಾಯಿ, ಹಣ್ಣುಗಳನ್ನು ನೋಡಿ ‘ಇಲ್ಲ, ಅಲ್ಪ, ಮಧ್ಯಮ, ಸಮೃದ್ಧಿ’ ಎಂದು ಬರೆದಿಟ್ಟರೆ ಸಾಕು. ಮಳೆಯ ಪ್ರಮಾಣವನ್ನೂ, ಕರಡಿ ಹೊಲಕ್ಕೆ ಬಂದ ದಿನವನ್ನೂ ಅದೇ ಪುಸ್ತಕದಲ್ಲಿ ದಾಖಲಿಸಬೇಕು. ಕಾಡಿನೊಳಗಿನ ಲೆಕ್ಕ ಅರಣ್ಯ ಇಲಾಖೆಯ ಹೊಣೆ.

ಐದಾರು ವರ್ಷಗಳ ಇಂಥ ಬರಹ ಕೈಯಲ್ಲಿದ್ದರೆ, ಕವಳೆ ಕಾಯದ ವರ್ಷ ನಸುಕಿನಲ್ಲಿ ಒಂಟಿಯಾಗಿ ಹೊಲಕ್ಕೆ ಹೋಗಬೇಡಿರೆಂದು ಊರಿಗೆ ಮೊದಲೇ ಸಾರಬಹುದು. ಪೇಟೆಗೆಂದು ಹಣ್ಣು ಕೀಳುವವರಿಗೆ ಮಿತಿಯನ್ನೂ ಹೇಳಬಹುದು. ದಾಸೋಹದ ನಾಡಿನಲ್ಲಿ ಮೂಕಪ್ರಾಣಿಯ ಪಾಲನ್ನು ಅದಕ್ಕೇ ಉಳಿಸುವುದು ಧರ್ಮವೂ ಹೌದು, ವಿವೇಕವೂ ಹೌದು.